ನೋವಿಲ್ಲದ ರಕ್ತ: ಮಾಸು ಕೆಳಗೆ ಕುಳಿತ ಒಂದು ಬಸಿರಿನ ಪ್ರಕರಣ

ಈ ಪ್ರಕರಣದ ತಾಯಿಗೆ ಆಗ 27 ವರ್ಷ. ಗಂಡನ ಮನೆ ಮಲಪ್ರಭೆಯ ಕಡೆ, ತವರು ಘಟಪ್ರಭೆಯ ಕಬ್ಬಿನ ಸೀಮೆ. ಎರಡೂ ಬಾಗಲಕೋಟೆ ಜಿಲ್ಲೆಯೇ ಆದರೂ ನಡುವೆ ಎರಡು ಬಸ್ಸು ಬದಲಿಸಬೇಕು. ಆದದ್ದರಲ್ಲಿ ಅರ್ಧದಷ್ಟು ಆ ದೂರದಿಂದಲೇ ಆಯಿತು. ತವರಿನ ಕಡೆಯ ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಹೆರಿಗೆ ವೈದ್ಯೆಯಾಗಿದ್ದೆ. ಬರೆಯಲು ಆಕೆಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಹತ್ತುವ ವಿವರಗಳನ್ನು ಬಿಟ್ಟಿದ್ದೇನೆ, ಒಂದೆರಡನ್ನು ಬದಲಿಸಿದ್ದೇನೆ. ವೈದ್ಯಕೀಯ ಸಂಗತಿಗಳು ನಡೆದಂತೆಯೇ ಇವೆ.

ಇದು ಎರಡನೆಯ ಬಸಿರು. ಮೊದಲನೆಯ ಸಲ ಮಗುವಿನ ತಲೆ ಮೇಲಿದ್ದುದರಿಂದ ಸಿಸೇರಿಯನ್ ಆಗಿತ್ತು. ಆ ಮಗಳಿಗೆ ಈಗ ಮೂರು ವರ್ಷ. ಎರಡನೆಯ ಬಸಿರಿನಲ್ಲಿ 20 ವಾರ ತುಂಬಿದಾಗ ಗಂಡನ ಊರಿನ ಕಡೆ ಸ್ಕ್ಯಾನ್ ಮಾಡಿಸಿದರು. ಮಗುವಿನ ಬೆಳವಣಿಗೆ ಸರಿಯಿತ್ತು. ವರದಿಯ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲುಗಳಿದ್ದವು: ಮಾಸು ಮುಂಗೋಡೆಯಲ್ಲಿ ಕೆಳಗೆ ಕುಳಿತಿದೆ, ಗರ್ಭಕೋಶದ ಒಳಬಾಯಿಯನ್ನು ಮುಚ್ಚಿದೆ, 32 ವಾರಕ್ಕೆ ಮತ್ತೆ ನೋಡಬೇಕು. ಮನೆಯಲ್ಲಿ ಅದನ್ನು ಓದಿ ಅರ್ಥಮಾಡಿಕೊಳ್ಳುವವರು ಇರಲಿಲ್ಲ. ಅವರ ಕಿವಿಗೆ ಬಿದ್ದದ್ದು "ಮಾಸು ಸ್ವಲ್ಪ ಕೆಳಗಿದೆ, ಮೇಲೆ ಹೋಗುತ್ತದೆ, ಚಿಂತೆ ಬೇಡ" ಎಂಬ ಮಾತು ಮಾತ್ರ.

ಆ ಮಾತು ಸುಳ್ಳೇನೂ ಅಲ್ಲ. ಪುಸ್ತಕಗಳು ಜರಾಯು ಎನ್ನುವುದನ್ನು ನಮ್ಮ ಹಳ್ಳಿಗಳಲ್ಲಿ ಮಾಸು ಎನ್ನುತ್ತಾರೆ, ಕೆಲವು ಕಡೆ ಕಸ ಎಂದೇ ಕರೆಯುತ್ತಾರೆ. ಹೆರಿಗೆಯ ಮೇಲೆ ಅದು ಕಸವಿರಬಹುದು, ಅಲ್ಲಿಯವರೆಗೆ ಮಗುವಿನ ಉಸಿರು ಮತ್ತು ಅನ್ನ ಎರಡೂ ಅದರ ಮೂಲಕವೇ ಬರುತ್ತವೆ. ಅದು ಸಾಮಾನ್ಯವಾಗಿ ಗರ್ಭಕೋಶದ ಮೇಲ್ಭಾಗದಲ್ಲಿ ಅಂಟಿಕೊಂಡಿರುತ್ತದೆ. ಕೆಲವರಲ್ಲಿ ಕೆಳಗೆ, ಮಗು ಹೊರಬರುವ ಬಾಗಿಲಿಗೆ ಅಡ್ಡಲಾಗಿ ಕೂರುತ್ತದೆ. ಇದನ್ನೇ ಪ್ಲಸೆಂಟಾ ಪ್ರೀವಿಯಾ ಎನ್ನುತ್ತಾರೆ. ಒಳಬಾಯಿಯನ್ನು ಮುಚ್ಚದೆ ಅದರ ಅಂಚು 2 ಸೆಂಟಿಮೀಟರಿಗಿಂತ ಹತ್ತಿರವಿದ್ದರೆ ಕೆಳಗೆ ಕುಳಿತ ಮಾಸು ಎಂದಷ್ಟೇ ಹೇಳುತ್ತಾರೆ. ಐದನೆಯ ತಿಂಗಳಲ್ಲಿ ಕೆಳಗೆ ಕಂಡ ಮಾಸುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಹೆರಿಗೆಯ ಹೊತ್ತಿಗೆ ಬಾಗಿಲು ಬಿಟ್ಟು ದೂರವಾಗಿರುತ್ತವೆ. ಮಾಸು ನಡೆದು ಹೋಗುವುದಿಲ್ಲ. ಗರ್ಭಕೋಶದ ಕೆಳಭಾಗ ಬೆಳೆದು ಉದ್ದವಾಗುವಾಗ ಅದರೊಂದಿಗೆ ಮೇಲೇರುತ್ತದೆ. ದಿನ ತುಂಬಿದ ಮೇಲೂ ಬಾಗಿಲಲ್ಲೇ ಉಳಿಯುವುದು ಸುಮಾರು 200 ಬಸಿರಿಗೆ ಒಂದರಲ್ಲಿ.

ಆದರೆ ಈಕೆಯ ಮಾಸು ಬಾಗಿಲಿನ ಹತ್ತಿರ ಇದ್ದದ್ದಲ್ಲ, ಬಾಗಿಲನ್ನೇ ಮುಚ್ಚಿತ್ತು. ಮೇಲಾಗಿ ಗರ್ಭಕೋಶದಲ್ಲಿ ಹಳೆಯ ಹೊಲಿಗೆಯ ಗಾಯವಿತ್ತು. ಇವೆರಡೂ ಕೂಡಿದಾಗ ಮಾಸು ಮೇಲೆ ಹೋಗುವ ಸಂಭವ ತಗ್ಗುತ್ತದೆ. ಆ ವರದಿಯಲ್ಲಿ ಭರವಸೆಯೂ ಇರಲಿಲ್ಲ, ಶಾಪವೂ ಇರಲಿಲ್ಲ. 32ನೆಯ ವಾರದಲ್ಲಿ ಉತ್ತರ ಹುಡುಕಬೇಕಾದ ಒಂದು ಪ್ರಶ್ನೆ ಇತ್ತು. ಮನೆಯವರಿಗೆ ಪ್ರಶ್ನೆ ತಲುಪಲಿಲ್ಲ, ಸಮಾಧಾನ ತಲುಪಿತು.

ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿದರು. ಹಸಿರು ಇಳಕಲ್ ಸೀರೆ ಉಡಿಸಿ, ಮೊಣಕೈವರೆಗೆ ಹಸಿರು ಬಳೆ ಇಡಿಸಿ, ಉಡಿ ತುಂಬಿ ತವರಿಗೆ ಕಳುಹಿಸಿದರು. ಚೀಲದಲ್ಲಿ ತಾಯಿ ಕಾರ್ಡ್ ಇತ್ತು, ಕಬ್ಬಿಣಾಂಶದ ಮಾತ್ರೆಗಳಿದ್ದವು. ಸ್ಕ್ಯಾನ್ ವರದಿ ಮಾತ್ರ ಗಂಡನ ಮನೆಯಲ್ಲಿ ಉಳಿಯಿತು. ತಾಯಿ ಕಾರ್ಡಿನಲ್ಲಿ ಹಿಂದಿನ ಸಿಸೇರಿಯನ್ ಬಗ್ಗೆ ಬರೆದಿತ್ತು, ಮಾಸಿನ ಬಗ್ಗೆ ಒಂದಕ್ಷರವೂ ಇರಲಿಲ್ಲ. ಪ್ರತಿ ತಿಂಗಳು 9ರಂದು ನಡೆಯುವ ಗರ್ಭಿಣಿಯರ ತಪಾಸಣೆಯಲ್ಲಿ ಅಪಾಯವಿರುವ ಬಸಿರಿನ ಕಾರ್ಡಿಗೆ ಕೆಂಪು ಚೀಟಿ ಅಂಟಿಸುತ್ತಾರೆ. ಈ ಕಾರ್ಡಿಗೆ ಅದೂ ಇರಲಿಲ್ಲ. ತವರಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ಹೆಸರು ಬರೆದುಕೊಂಡು ಹೋದರು. ಅವರ ಪಾಲಿಗೆ ಇದು ಬಾಣಂತನಕ್ಕೆ ಬಂದ ಇನ್ನೊಬ್ಬ ಮಗಳ ಬಸಿರು.

ತುಂಬು 30 ವಾರಕ್ಕೆ ಒಂದು ಬೆಳಗಿನ ಜಾವ ಆಕೆ ಬಚ್ಚಲಿಗೆಂದು ಎದ್ದಾಗ ಕಾಲಗುಂಟ ಬೆಚ್ಚಗೆ ಇಳಿದಂತಾಯಿತು. ದೀಪ ಹಾಕಿ ನೋಡಿದರೆ ಅಚ್ಚ ಕೆಂಪು ರಕ್ತ. ಹೊಟ್ಟೆ ನೋವು ಇಲ್ಲ, ಸೊಂಟ ಹಿಡಿದಿಲ್ಲ, ಮಗು ಎಂದಿನಂತೆ ಒದೆಯುತ್ತಿದೆ. ಅರ್ಧ ಗಂಟೆಯಲ್ಲಿ ನಿಂತುಹೋಯಿತು. ಆಕೆಯ ತಾಯಿ ಐದು ಹೆತ್ತವರು, ಓಣಿಯ ಎಷ್ಟೋ ಹೆರಿಗೆಗಳಿಗೆ ಕೂತವರು. "ನೋವಿಲ್ಲದಿದ್ದರೆ ಹೆರಿಗೆಯಲ್ಲ, ಉಷ್ಣಕ್ಕೆ ಹೀಗಾಗಿದೆ" ಎಂದು ಎಳನೀರು ಕುಡಿಸಿ ಮಲಗಿಸಿದರು.

ಆ ತಾಯಿಯನ್ನು ನಾನು ಇಂದಿಗೂ ದೂರುವುದಿಲ್ಲ. ಅವರ ಅನುಭವದಲ್ಲಿ ಅಪಾಯ ಯಾವಾಗಲೂ ನೋವಿನ ಜೊತೆಗೇ ಬಂದಿತ್ತು. ಮಾಸು ಕೆಳಗಿದ್ದಾಗ ನಡೆಯುವುದು ಅದಕ್ಕೆ ತದ್ವಿರುದ್ಧ. ಏಳು, ಎಂಟನೆಯ ತಿಂಗಳಲ್ಲಿ ಗರ್ಭಕೋಶದ ಕೆಳಭಾಗ ಹಿಗ್ಗಿ ತೆಳುವಾಗುತ್ತದೆ. ಮಾಸಿಗೆ ಹಾಗೆ ಹಿಗ್ಗಲು ಬರುವುದಿಲ್ಲ. ಅಂಚು ಗೋಡೆಯಿಂದ ಕಿತ್ತುಕೊಂಡಲ್ಲಿ ರಕ್ತನಾಳಗಳು ತೆರೆದು ರಕ್ತ ಸುರಿಯುತ್ತದೆ. ಗರ್ಭಕೋಶ ಹಿಂಡಿಕೊಳ್ಳದ ಕಾರಣ ನೋವಿರುವುದಿಲ್ಲ. ಮೊದಲ ಸ್ರಾವ ಬಹಳ ಸಲ ತಾನಾಗಿಯೇ ನಿಲ್ಲುತ್ತದೆ, ಹಾಗೆ ನಿಂತು ಮನೆಯವರನ್ನು ನಂಬಿಸಿಬಿಡುತ್ತದೆ. ಮುಂದಿನದು ಯಾವಾಗ, ಎಷ್ಟು ಎಂದು ಯಾರೂ ಹೇಳಲಾರರು.

ಇಲ್ಲಿ ಅದು ಎರಡು ದಿನ ಬಿಟ್ಟು ಮಧ್ಯಾಹ್ನ ಬಂತು. ಈ ಸಲ ಲಂಗ ನೆನೆದು ಹಾಸಿಗೆಗೆ ಇಳಿಯಿತು. ಟಂಟಂ ಆಟೋ ಮಾಡಿಕೊಂಡು ನಮ್ಮಲ್ಲಿಗೆ ಕರೆತಂದರು.

ಆ ಹೊತ್ತು ನಾನು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿದ್ದೆ. ಹೆರಿಗೆ ಕೋಣೆಯಲ್ಲಿ ಒಬ್ಬರೇ ಸಿಸ್ಟರ್. ಬಸುರಿ ಬಂದರೆ ಬಾಯಿ ಎಷ್ಟು ತೆರೆದಿದೆ ಎಂದು ಬೆರಳಿನಿಂದ ಪರೀಕ್ಷಿಸುವುದು ಅಲ್ಲಿಯ ದಿನನಿತ್ಯದ ಅಭ್ಯಾಸ. ಅವರು ಕೈಗವಸು ಹಾಕಿಕೊಂಡಾಗಿತ್ತು. ಹೊಟ್ಟೆ ಮುಟ್ಟಿದರೆ ಮೆತ್ತಗಿತ್ತು. "ನೋವಿದೆಯೇ?" ಎಂದು ಕೇಳಿದರು. "ನೋವೇ ಇಲ್ಲ" ಎಂದು ಉತ್ತರ ಬಂತು. ಸಿಸ್ಟರ್ ಅಲ್ಲಿಗೇ ನಿಂತರು, ಕೈಗವಸು ಬಿಚ್ಚಿದರು, "ಸ್ಕ್ಯಾನ್ ಕಾಗದ ಎಲ್ಲಿ?" ಎಂದರು.

ಇಡೀ ಪ್ರಕರಣದಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ. ಮಾಸು ಬಾಗಿಲಲ್ಲಿರುವಾಗ ಒಳಗೆ ಹೋದ ಬೆರಳು ಅದನ್ನೇ ತೂರಿ, ನಿಮಿಷಗಳಲ್ಲಿ ತಾಯಿ ಮತ್ತು ಮಗು ಇಬ್ಬರ ಪ್ರಾಣವನ್ನೂ ತೆಗೆಯುವಷ್ಟು ರಕ್ತ ಹರಿಸಬಹುದು. ಮಾಸು ಎಲ್ಲಿದೆ ಎಂದು ತಿಳಿಯುವವರೆಗೆ, ಬಸಿರಿನ ಕೊನೆಯ ತಿಂಗಳುಗಳಲ್ಲಿ ರಕ್ತ ಕಂಡವರಿಗೆ ಬೆರಳಿನ ಪರೀಕ್ಷೆ ಮಾಡಬಾರದು. ಪಾಠದಲ್ಲಿ ಎಲ್ಲರೂ ಓದಿರುತ್ತೇವೆ. ನಾಲ್ಕು ಹೆರಿಗೆ ಒಟ್ಟಿಗೆ ನಡೆಯುತ್ತಿರುವ ಕೋಣೆಯಲ್ಲಿ, ಹೇಳಿಕೊಡುವವರಿಲ್ಲದೆ, ಏರಿದ ಕೈಗವಸನ್ನು ಇಳಿಸುವುದು ಬೇರೆಯೇ ಮಾತು.

ಗಂಡನಿಗೆ ಫೋನ್ ಹೋಯಿತು. ಅವರು ಗೋಡೆಯ ಮಾಡದಲ್ಲಿ ವಿಭೂತಿಯ ಗಟ್ಟಿಯ ಹಿಂದೆ ಸಿಕ್ಕಿಸಿದ್ದ ವರದಿಯನ್ನು ತೆಗೆದು ಮೊಬೈಲಿನಲ್ಲಿ ಚಿತ್ರ ಕಳುಹಿಸಿದರು. ನಾಲ್ಕು ಮಡಿಕೆಯಾಗಿದ್ದ ಕಾಗದ, ಒಂದು ಮೂಲೆಗೆ ಎಣ್ಣೆ ಹೀರಿ ಪಾರದರ್ಶಕವಾಗಿತ್ತು. ಮಾಸಿನ ಸಾಲಿನ ಮೇಲೆಯೇ ಮಡಿಕೆ ಬಿದ್ದು ಅಕ್ಷರಗಳು ಸವೆದಿದ್ದವು. ದೊಡ್ಡದು ಮಾಡಿ ಓದಿದೆವು.

ನಾಡಿ 108, ರಕ್ತದೊತ್ತಡ 100ಕ್ಕೆ 60, ಹಿಮೋಗ್ಲೋಬಿನ್ 8.4. ಮಗುವಿನ ಎದೆಬಡಿತ 146, ಸರಿಯಿತ್ತು. ರಕ್ತದ ಗುಂಪು ಬಿ ಪಾಸಿಟಿವ್. ನೆಗೆಟಿವ್ ಇದ್ದಿದ್ದರೆ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಕೊಡಬೇಕಾಗುತ್ತಿತ್ತು. ಎರಡೂ ಕೈಗೆ ದಪ್ಪ ಸೂಜಿ ಹಾಕಿ ದ್ರವ ಹರಿಸಿದೆವು. ಒಂದು ಗಂಟೆಯಲ್ಲಿ ಸ್ರಾವ ಕಡಿಮೆಯಾಯಿತು.

ನಮ್ಮ ರಕ್ತ ಶೇಖರಣಾ ಘಟಕದಲ್ಲಿ ಆಕೆಗೆ ಹೊಂದುವ ರಕ್ತ ಎರಡೇ ಬಾಟಲಿ ಇತ್ತು. ನವಜಾತ ಶಿಶುಗಳ ತೀವ್ರ ಘಟಕ ನಮ್ಮಲ್ಲಿರಲಿಲ್ಲ. ರಕ್ತ ಹೋಗುತ್ತಿರುವವರನ್ನು ದಾರಿಗೆ ಹಾಕುವುದು ಅಪಾಯ, 30 ವಾರದ ಮಗುವನ್ನು ನಮ್ಮಲ್ಲೇ ಹೊರತೆಗೆಯುವುದು ಇನ್ನೊಂದು ಅಪಾಯ. ಸ್ರಾವ ತಗ್ಗಿದ ಆ ಹೊತ್ತೇ ಕಳುಹಿಸಲು ತಕ್ಕ ಸಮಯ ಎಂದು ತೀರ್ಮಾನಿಸಿದೆ. ಹೊರಡುವ ಮುನ್ನ ಮಗುವಿನ ಶ್ವಾಸಕೋಶ ಬಲಿಯಲು ಡೆಕ್ಸಾಮೆಥಾಸೋನ್ 6 ಮಿಲಿಗ್ರಾಂ ಕೊಟ್ಟೆವು. ಒಟ್ಟು ನಾಲ್ಕು ಚುಚ್ಚುಮದ್ದು, 12 ಗಂಟೆಗೊಂದು. ಮೊದಲನೆಯದನ್ನು ಕಳುಹಿಸುವ ಆಸ್ಪತ್ರೆಯಲ್ಲೇ ಕೊಟ್ಟರೆ ಅಮೂಲ್ಯವಾದ ಗಂಟೆಗಳು ಉಳಿಯುತ್ತವೆ.

108 ಆಂಬುಲೆನ್ಸಿನಲ್ಲಿ ಸಿಸ್ಟರ್ ಜೊತೆಗೆ ಹೋದರು. ಕಬ್ಬು ನುರಿಸುವ ಕಾಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆ ತುಂಬ ತೆವಳುತ್ತಿದ್ದವು. ಬಾಗಲಕೋಟೆ ಮುಟ್ಟಲು ಹತ್ತಿರ ಹತ್ತಿರ ಎರಡು ಗಂಟೆ ಹಿಡಿಯಿತು. ಆ ಎರಡು ಗಂಟೆಯ ಲೆಕ್ಕ ಮುಂದೆ ನಮ್ಮ ಇನ್ನೊಂದು ನಿರ್ಧಾರಕ್ಕೆ ಆಧಾರವಾಯಿತು.

ಬಾಗಲಕೋಟೆಯ ದೊಡ್ಡ ಆಸ್ಪತ್ರೆಯಲ್ಲಿ ಯೋನಿಯ ಮೂಲಕ ಸ್ಕ್ಯಾನ್ ಮಾಡಬೇಕೆಂದಾಗ ಆಕೆಯ ತಾಯಿ ತಡೆದರು. "ಬೆರಳು ಹಾಕಬಾರದು ಎಂದವರೇ ಈಗ ಯಂತ್ರ ಹಾಕುತ್ತೀರಾ?" ನ್ಯಾಯವಾದ ಪ್ರಶ್ನೆ. ಬೆರಳು ಗರ್ಭಕೋಶದ ಬಾಯಿಯೊಳಗೆ ಹೋಗುತ್ತದೆ. ಈ ಸ್ಕ್ಯಾನಿನ ಕಡ್ಡಿ ಬಾಯಿಯನ್ನು ಮುಟ್ಟದೆ ಸ್ವಲ್ಪ ಹೊರಗೇ ಓರೆಯಾಗಿ ನಿಲ್ಲುತ್ತದೆ, ಅಲ್ಲಿಂದಲೇ ಅಂಚನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತದೆ. ಹೊಟ್ಟೆಯ ಮೇಲಿನ ಸ್ಕ್ಯಾನಿಗಿಂತ ಇದು ಹೆಚ್ಚು ನಿಖರ, ಪ್ರೀವಿಯಾದಲ್ಲೂ ಸುರಕ್ಷಿತ. ಅಲ್ಲಿಯ ವೈದ್ಯೆ ಮುಷ್ಟಿ ಬಿಗಿದು, ಅದನ್ನೇ ಗರ್ಭಕೋಶದ ಬಾಯಿ ಎಂದು ತೋರಿಸಿ ವಿವರಿಸಿದರು. ತಾಯಿ ಒಪ್ಪಿದರು.

ಮಾಸು ಬಾಗಿಲನ್ನು ಪೂರ್ತಿ ಮುಚ್ಚಿತ್ತು. ಹಳೆಯ ಹೊಲಿಗೆಯ ಮೇಲೆಯೇ ಕುಳಿತಿತ್ತು. ಅದರೊಳಗೆ ಅಂಕುಡೊಂಕಾದ ರಕ್ತದ ಹೊಂಡಗಳು ಕಾಣುತ್ತಿದ್ದವು, ಮೂತ್ರಕೋಶದ ಕಡೆಯ ಗೆರೆ ಒಂದು ಕಡೆ ಮಸುಕಾಗಿತ್ತು. ಮಾಸು ಗಾಯದ ಆಳಕ್ಕೆ ಬೇರು ಬಿಟ್ಟಿರಬಹುದು ಎಂಬ ಸಂಶಯ ಅಲ್ಲಿ ಹುಟ್ಟಿತು. ಇದಕ್ಕೆ ಅಕ್ರೀಟಾ ಎನ್ನುತ್ತಾರೆ. ಸಾಮಾನ್ಯವಾಗಿ ಹೆರಿಗೆಯ ಮೇಲೆ ಮಾಸು ಸುಲಿದ ಸಿಪ್ಪೆಯಂತೆ ಬಿಟ್ಟುಬರುತ್ತದೆ, ಅಕ್ರೀಟಾದಲ್ಲಿ ಬಿಡುವುದಿಲ್ಲ. 2006ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದ ಪ್ರಕಾರ, ಪ್ರೀವಿಯಾ ಇರುವ ಹೆಂಗಸಿಗೆ ಅದು ಮೊದಲ ಸಿಸೇರಿಯನ್ ಆಗಿದ್ದರೆ ಅಕ್ರೀಟಾದ ಸಂಭವ ಶೇಕಡಾ 3, ಎರಡನೆಯದಾದರೆ 11, ಮೂರನೆಯದಾದರೆ 40. ಮೊದಲ ಸಿಸೇರಿಯನ್ ಬೇಕೋ ಬೇಡವೋ ಎಂದು ತೂಗುವಾಗ ಈ ಅಂಕಿಗಳೂ ತಕ್ಕಡಿಯಲ್ಲಿ ಇರಬೇಕು. ಈಕೆಯ ಮೊದಲನೆಯದಕ್ಕೆ ಕಾರಣವಿತ್ತು. ಮುಹೂರ್ತ ನೋಡಿ ಹೊಟ್ಟೆ ಕೊಯ್ಯಿಸುವವರನ್ನೂ ನಾನು ಕಂಡಿದ್ದೇನೆ, ಅವರ ಮುಂದಿನ ಬಸಿರನ್ನು ನೆನೆದು ಸಂಕಟವಾಗುತ್ತದೆ.

ಐದು ದಿನಗಳಲ್ಲಿ ಸ್ರಾವ ಪೂರ್ತಿ ನಿಂತಿತು. ಈಗ ಏನು ಮಾಡುವುದು? ಪ್ರೀವಿಯಾ ಮಾತ್ರ ಇದ್ದು ಬೇರೆ ತೊಡಕಿಲ್ಲದಿದ್ದರೆ 36ರಿಂದ 37ನೆಯ ವಾರದಲ್ಲಿ, ಅಕ್ರೀಟಾದ ಸಂಶಯವಿದ್ದರೆ 34ರಿಂದ 35ನೆಯ ವಾರದಲ್ಲಿ ಸಿಸೇರಿಯನ್ ಮಾಡುವುದು ರೂಢಿ. ಅಂದರೆ ಇನ್ನೂ ನಾಲ್ಕು ವಾರ ಕಾಯಬೇಕು. ಬೆಳಗಾವಿಗೆ ಕಳುಹಿಸುವ ಮಾತೂ ಬಂತು. ಬಾಗಲಕೋಟೆಯಲ್ಲೇ ರಕ್ತನಿಧಿ, ಮೂತ್ರಾಂಗ ಶಸ್ತ್ರತಜ್ಞರು, ಶಿಶು ಘಟಕ ಎಲ್ಲ ಇದ್ದುದರಿಂದ ಮತ್ತೆ ಅಷ್ಟು ದೂರದ ದಾರಿ ಬೇಡವೆಂದಾಯಿತು.

ಮನೆಯವರಿಗೆ ತವರಿಗೆ ಮರಳುವ ಆಸೆ. ಗಂಡನ ಕಡೆಯವರು ತಮ್ಮ ಮನೆಗೆ ಕರೆದರು. ಆಸ್ಪತ್ರೆಯಲ್ಲೇ ಇರಲು ಮೂರು ವರ್ಷದ ಮಗಳನ್ನು ಬಿಟ್ಟ ಆ ತಾಯಿ ಸಿದ್ಧಳಿರಲಿಲ್ಲ. ಎರಡು ದಿನ ಇದೇ ಚರ್ಚೆ ನಡೆಯಿತು. ಆಗ ಆಕೆಯೇ ನೆನಪಿಸಿಕೊಂಡಳು: ಸೋದರತ್ತೆಯೊಬ್ಬರು ನವನಗರದಲ್ಲಿದ್ದರು. ಆಲಮಟ್ಟಿ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಮನೆ ಮುಳುಗಿದಾಗ ಅಲ್ಲಿ ನಿವೇಶನ ಪಡೆದ ಕುಟುಂಬ. ಆಸ್ಪತ್ರೆಗೆ ಹತ್ತು ನಿಮಿಷದ ದಾರಿ. ಮಗಳನ್ನೂ ಅಲ್ಲಿಗೇ ಕರೆತಂದರು. ಒಂಟಿಯಾಗಿ ಇರಬಾರದು, ರಾತ್ರಿಯೂ ಬಾಗಿಲಿಗೆ ವಾಹನ ಸಿಗಬೇಕು, ಗಂಡ ಹೆಂಡತಿ ಕೂಡಬಾರದು, ಒಂದು ಹನಿ ರಕ್ತ ಕಂಡರೂ ನೇರ ಆಸ್ಪತ್ರೆಗೆ ಬರಬೇಕು ಎಂದು ಹೇಳಿ ಕಳುಹಿಸಿದರು. ಸದಾ ಮಲಗಿಸಿ ಇಡಬೇಡಿ ಎಂದೂ ಹೇಳಬೇಕಾಯಿತು. ಕಟ್ಟುನಿಟ್ಟಾಗಿ ಮಲಗಿಸಿದರೆ ಸ್ರಾವ ತಪ್ಪುತ್ತದೆ ಎಂಬುದಕ್ಕೆ ಆಧಾರವಿಲ್ಲ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಮಾತ್ರ ಹೆಚ್ಚುತ್ತದೆ.

ಆ ನಾಲ್ಕು ವಾರಗಳಲ್ಲಿ ಮಾಡಿದ ಎರಡು ಕೆಲಸಗಳನ್ನು ಹೇಳಬೇಕು. ಒಂದು, ರಕ್ತದ ಸಿದ್ಧತೆ. ಐರನ್ ಸುಕ್ರೋಸ್ 200 ಮಿಲಿಗ್ರಾಂನಂತೆ ಐದು ಸಲ ರಕ್ತನಾಳದ ಮೂಲಕ ಕೊಟ್ಟರು, ಹಿಮೋಗ್ಲೋಬಿನ್ 10.2ಕ್ಕೆ ಏರಿತು. ರಕ್ತಸ್ರಾವದ ದಿನ ಸುಮಾರು ಎರಡು ಅಂಶದ ಆ ಏರಿಕೆ ಎಷ್ಟು ದೊಡ್ಡದು ಎಂದು ಹೆರಿಗೆ ಕೋಣೆಯಲ್ಲಿ ದುಡಿದವರಿಗೆ ಗೊತ್ತು. ರಕ್ತ ಕೊಡಲು ಮೊದಲು ಯಾರೂ ಮುಂದೆ ಬರಲಿಲ್ಲ. "ಮಗ್ಗದ ಮುಂದೆ ಕೂರುವವನು ರಕ್ತ ಕೊಟ್ಟರೆ ತೋಳಿನ ಕಸುವು ಹೋಗುತ್ತದೆ" ಎಂದರು. ಗಂಡ ಮೊದಲು ಕೊಟ್ಟರು, ಮರುದಿನ ಮಗ್ಗಕ್ಕೆ ಕೂತರು. ಅದನ್ನು ಕಂಡ ಮೇಲೆ ನಾಲ್ವರು ಗೆಳೆಯರು ಬಂದರು.

ಎರಡು, ಒಂದು ಮಾತುಕತೆ. ಆ ದಿನ ನಾನೂ ಬಾಗಲಕೋಟೆಗೆ ಹೋಗಿದ್ದೆ. ಹಗಲು ಹೊತ್ತು, ಕುರ್ಚಿ ಹಾಕಿ ಗಂಡ, ಹೆಂಡತಿ, ಎರಡೂ ಕಡೆಯ ಹಿರಿಯರನ್ನು ಕೂರಿಸಿ, ಮಾಸು ಬಿಡದೆ ರಕ್ತ ನಿಲ್ಲದಿದ್ದರೆ ಜೀವ ಉಳಿಸಲು ಗರ್ಭಕೋಶ ತೆಗೆಯಬೇಕಾಗಬಹುದು ಎಂದು ಹೇಳಿದೆವು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಹಿರಿಯರೊಬ್ಬರು "ಗಂಡು ಸಂತಾನವಾಗದಿದ್ದರೆ?" ಎಂದರು. ಗಂಡ ನೆಲ ನೋಡುತ್ತಿದ್ದರು. ಆಕೆ ಮಗಳ ಜಡೆ ಹೆಣೆಯುವುದನ್ನು ನಿಲ್ಲಿಸದೆ, "ಆದಷ್ಟು ಉಳಿಸಿ. ಆಗದಿದ್ದರೆ ಹೊರಗೆ ಬಂದು ಇವರನ್ನು ಕೇಳುತ್ತಾ ನಿಲ್ಲಬೇಡಿ" ಎಂದಳು. ಆ ದಿನವೇ ಸಹಿ ಮಾಡಿದಳು.

ಶಸ್ತ್ರಚಿಕಿತ್ಸೆಗೆ 35ನೆಯ ವಾರದ ಮೊದಲ ದಿನ ಗೊತ್ತಾಗಿತ್ತು. ಅದಕ್ಕೆ ಮೂರು ದಿನ ಮುಂಚೆ ರಾತ್ರಿ ಹನ್ನೊಂದಕ್ಕೆ ಮೂರನೆಯ ಸ್ರಾವವಾಯಿತು. ಹಿಂದಿನ ಎರಡಕ್ಕಿಂತ ಜೋರು. ಅತ್ತೆಯ ಮಗ ಹದಿನೈದು ನಿಮಿಷದೊಳಗೆ ಆಸ್ಪತ್ರೆ ಮುಟ್ಟಿಸಿದ. ಕಬ್ಬಿನ ಗಾಡಿಗಳ ಹಿಂದೆ ಎರಡು ಗಂಟೆ ಕಳೆದಿದ್ದರೆ ಈ ಪ್ರಕರಣವನ್ನು ನಾನು ಬೇರೆ ರೀತಿ ಬರೆಯಬೇಕಾಗುತ್ತಿತ್ತು. ಶಸ್ತ್ರಚಿಕಿತ್ಸೆಗೆ ಒಯ್ಯುವಾಗ ಕುಬಸದ ಬಳೆಗಳು ಇನ್ನೂ ಕೈಯಲ್ಲಿದ್ದವು. ಒಡೆಯುವುದು ಅಪಶಕುನವೆಂದು ಆಕೆಯ ತಾಯಿ ಅತ್ತರು. ಅಲ್ಲಿಯ ಸಿಸ್ಟರ್ ಸೂಜಿ ಹಾಕುವಷ್ಟು ಜಾಗ ಬಿಟ್ಟು, ಬಳೆಗಳನ್ನು ಮೇಲಕ್ಕೆ ಸರಿಸಿ ಬಿಳಿ ಪಟ್ಟಿ ಸುತ್ತಿದರು.

ಮಾಸನ್ನು ಕೊಯ್ಯದಂತೆ ಗರ್ಭಕೋಶದ ಮೇಲ್ಭಾಗದಲ್ಲಿ ಸೀಳಿ ಮಗುವನ್ನು ತೆಗೆದರು. ಹೆಣ್ಣು, 2.1 ಕಿಲೋ, ಕೂಡಲೇ ಅತ್ತಿತು. ಮಾಸು ಮುಕ್ಕಾಲು ಭಾಗ ಬಿಟ್ಟಿತು, ಹೊಲಿಗೆಯ ಮೇಲಿನ ಭಾಗ ಬಿಡಲಿಲ್ಲ. ಗರ್ಭಕೋಶದ ಕೆಳಭಾಗದ ಸ್ನಾಯು ತೆಳು, ಮೇಲ್ಭಾಗದಂತೆ ಹಿಂಡಿಕೊಂಡು ರಕ್ತನಾಳಗಳನ್ನು ಮುಚ್ಚಲಾರದು. ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಮ್ಲ, ಹೊಲಿಗೆಗಳು, ಒಳಗಿನಿಂದ ಒತ್ತುವ ಬಲೂನು, ಎಲ್ಲ ಆಯಿತು. ರಕ್ತ ನಿಲ್ಲಲಿಲ್ಲ. ಮಗು ಹುಟ್ಟಿದ ಇಪ್ಪತ್ತೈದನೆಯ ನಿಮಿಷಕ್ಕೆ ಗರ್ಭಕೋಶ ತೆಗೆಯುವ ನಿರ್ಧಾರವಾಯಿತು. ಯಾರೂ ಹೊರಗೆ ಹೋಗಿ ಕೇಳಬೇಕಾಗಲಿಲ್ಲ.

ಒಟ್ಟು ಎರಡೂವರೆ ಲೀಟರಿನಷ್ಟು ರಕ್ತ ಹೋಯಿತು, ಐದು ಬಾಟಲಿ ರಕ್ತ ಏರಿಸಿದರು. ಮೂತ್ರಕೋಶಕ್ಕೆ ಪೆಟ್ಟಾಗಲಿಲ್ಲ. ಅಂಡಾಶಯಗಳನ್ನು ಉಳಿಸಿದ್ದರು. ಒಂಬತ್ತನೆಯ ದಿನ ಆಕೆ, ಹನ್ನೊಂದನೆಯ ದಿನ ಮಗು ಮನೆಗೆ ಹೋದರು.

ಮಾಸನ್ನು ಬಿಡಿಸಲು ಪ್ರಯತ್ನಿಸದೆ, ಅದು ಇದ್ದಂತೆಯೇ ಗರ್ಭಕೋಶ ತೆಗೆದಿದ್ದರೆ ಒಂದು ಲೀಟರ್ ರಕ್ತ ಉಳಿಯುತ್ತಿತ್ತೇ ಎಂದು ಆ ಶಸ್ತ್ರತಜ್ಞರು ಈಗಲೂ ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಅಕ್ರೀಟಾ ಖಚಿತವಿದ್ದಾಗ ಹಾಗೆ ಮಾಡುವುದೇ ಸರಿ. ಇಲ್ಲಿ ಸಂಶಯ ಮಾತ್ರ ಇತ್ತು, "ಆದಷ್ಟು ಉಳಿಸಿ" ಎಂದು ಆಕೆ ಕೇಳಿದ್ದಳು. ನಾನು ಅಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ ಎಂದು ಹೇಳಿದ್ದೇನೆ, ಅವರಿಗೆ ಸಮಾಧಾನವಾದಂತಿಲ್ಲ. ನನ್ನ ಮನಸ್ಸಿನಲ್ಲಿ ಉಳಿದದ್ದು ಅದಕ್ಕೂ ಮುಂಚಿನ ಆ ಎರಡು ದಿನಗಳು. ಮೊದಲ ಸ್ರಾವಕ್ಕೂ ಆಸ್ಪತ್ರೆಗೂ ನಡುವೆ ಆಕೆ ಎಳನೀರು ಕುಡಿದು ಮಲಗಿದ್ದ ದಿನಗಳು. ಎರಡನೆಯ ಸ್ರಾವ ನಡುರಾತ್ರಿ ಆಗಿದ್ದರೆ?

ಮೂರು ತಿಂಗಳ ಮೇಲೆ ಆಕೆ ಮಗುವಿನೊಂದಿಗೆ ಬಂದಳು. "ಗರ್ಭಕೋಶ ಹೋದ ಮೇಲೆ ಹೆಣ್ಣುತನ ಹೋಯಿತು ಎನ್ನುತ್ತಾರೆ, ನಿಜವೇ?" ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ಮುಟ್ಟು ಬರುವುದಿಲ್ಲ, ಮತ್ತೆ ಬಸಿರಾಗುವುದಿಲ್ಲ. ಅಂಡಾಶಯಗಳು ಇರುವುದರಿಂದ ಹಾರ್ಮೋನುಗಳು ಮೊದಲಿನಂತೆ ಇರುತ್ತವೆ, ಸಂಸಾರಕ್ಕೂ ಅಡ್ಡಿಯಿಲ್ಲ ಎಂದು ಹೇಳಿದೆ. ಬಿಡುಗಡೆಯ ದಿನವೇ ಇದನ್ನು ಹೇಳಬೇಕಿತ್ತು. ಮೂರು ತಿಂಗಳು ಆ ಪ್ರಶ್ನೆಯನ್ನು ಒಬ್ಬಳೇ ಹೊತ್ತು ತಿರುಗಿದ್ದಾಳೆ.

ಅಂದು ಜೊತೆಗೆ ಬಂದಿದ್ದ ಆಕೆಯ ತಾಯಿ ಹೊರಗಿನ ಬೆಂಚಿನಲ್ಲಿ ಪಕ್ಕದ ಬಸುರಿಯೊಡನೆ ಮಾತಿಗಿಳಿದಿದ್ದರು. ಕುಬಸ ಮುಗಿಸಿ ತವರಿಗೆ ಬಂದ ಹುಡುಗಿ. ನಮ್ಮಲ್ಲಿ ಈಗ ಅಂಥವರು ಬಂದ ಕೂಡಲೇ ಗಂಡನ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡುತ್ತೇವೆ. ಮಾಸು ಕೆಳಗಿದ್ದರೆ ತಾಯಿ ಕಾರ್ಡಿನ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ, ಕನ್ನಡದಲ್ಲಿ ಬರೆಯುತ್ತೇವೆ: "ಮಾಸು ಕೆಳಗಿದೆ. ಒಳಗೆ ಬೆರಳಿನ ಪರೀಕ್ಷೆ ಬೇಡ. 32 ವಾರಕ್ಕೆ ಸ್ಕ್ಯಾನ್." ಅದರ ಕೆಳಗೆ ಆ 32ನೆಯ ವಾರ ಬೀಳುವ ತಾರೀಕು. ಬಾಗಿಲ ಬಳಿ ನಿಂತಾಗ ಆಕೆಯ ತಾಯಿಯ ಮಾತು ನನ್ನ ಕಿವಿಗೆ ಬಿತ್ತು. "ನಿನ್ನ ಸ್ಕ್ಯಾನ್ ಕಾಗದ ಎಲ್ಲಿದೆ, ತೆಗೆ, ಚೀಲದಲ್ಲಿದೆಯೋ ಮನೆಯಲ್ಲಿದೆಯೋ?" ಎಂದು ಅವರು ಆ ಹುಡುಗಿಯನ್ನು ಕೇಳುತ್ತಿದ್ದರು.